ಅಪ್ಪಂಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು, ನಂಗೆ ಮಲದ ಟೆಸ್ಟ್ ಸಾಕಾ, ಕೊಲೊನೊಸ್ಕೋಪಿನೇ ಬೇಕಾ?

ನಿಮ್ಗೆ 41, ನಿಮ್ಮಪ್ಪಂಗೆ ಬಂದಿದ್ದು 52ಕ್ಕೆ ಅಂದ್ರಿ, ಹಂಗಾದ್ರೆ ಮಲದ ಟೆಸ್ಟ್ ಬಿಡಿ, ಡಾಕ್ಟ್ರನ್ನ ಕಂಡು ಸೀದಾ ಕೊಲೊನೊಸ್ಕೋಪಿ, ಅಂದ್ರೆ ಹಿಂದ್ಗಡೆಯಿಂದ ಕ್ಯಾಮೆರಾ ಇರೋ ಪೈಪ್ ಹಾಕಿ ದೊಡ್ಡ ಕರುಳು ನೋಡೋದು, ಅದನ್ನೇ ಮಾಡಿಸ್ಕೊಳಿ. ನಾನು ಡಾಕ್ಟ್ರಲ್ಲ, ಕೋಲಾರದಲ್ಲಿ ಟೊಮೇಟೊ ಮಂಡಿ ಲೆಕ್ಕ ಬರೆಯೋನು, ಆದ್ರೆ ನಮ್ಮಣ್ಣಂಗೆ 49ಕ್ಕೆ ಇದೇ ಬಂತು, ಆಮೇಲೆ ನಾನೂ ಮಾಡಿಸ್ಕೊಂಡೆ.

ಫಿಟ್ (FIT) ಅಂತಾರಲ್ಲ ಆ ಮಲದ ಟೆಸ್ಟು, ಮಲದಲ್ಲಿ ಕಣ್ಣಿಗೆ ಕಾಣದಿರೋ ರಕ್ತ ಹಿಡಿಯುತ್ತೆ, ಮನೇಲೇ ಸ್ಯಾಂಪಲ್ ತಗೊಂಡು ಲ್ಯಾಬಿಗೆ ಕೊಟ್ರಾಯ್ತು, ಪಥ್ಯ ಗಿಥ್ಯ ಇಲ್ಲ, ವರ್ಷಾ ವರ್ಷಾ ಮಾಡಿಸ್ಬೇಕು ಅಷ್ಟೇ. ಮನೇಲಿ ಯಾರಿಗೂ ಬಂದಿಲ್ದೆ, ತೊಂದ್ರೆನೂ ಇಲ್ದಿರೋರಿಗೆ ಅದು ಒಳ್ಳೇದೇ, ಅಮೆರಿಕದಲ್ಲಿ 2021ರಿಂದ ಅಂಥೋರಿಗೂ 45ಕ್ಕೇ ಶುರು ಮಾಡಿ ಅಂತಿದಾರೆ. ಆದ್ರೆ ಪಾಲಿಪ್ ಅನ್ನೋ ಗಂಟು ರಕ್ತ ಸೋರದೆ ಸುಮ್ನೆ ಕೂತಿದ್ರೆ ಫಿಟ್‌ಗೆ ಗೊತ್ತಾಗಲ್ಲ, ಪಾಸಿಟಿವ್ ಬಂದ್ರೂ ಕೊನೇಗೆ ಕೊಲೊನೊಸ್ಕೋಪಿನೇ. ಸಿಟಿ ಸ್ಕ್ಯಾನಲ್ಲೂ ನೋಡ್ತಾರೆ, ಆದ್ರೆ ಗಂಟು ಕಂಡ್ರೆ ತೆಗೆಯೋಕೆ ಮತ್ತೆ ಪೈಪೇ ಹಾಕ್ಬೇಕು.

ಹೆತ್ತೋರಿಗೋ ಒಡಹುಟ್ಟಿದೋರಿಗೋ 60ರೊಳಗೆ ಬಂದಿದ್ರೆ ಲೆಕ್ಕ ಬೇರೆ, 40ಕ್ಕೆ ಇಲ್ಲಾ ಅವ್ರಿಗೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವ್ದು ಮೊದ್ಲೋ ಆಗ ಕೊಲೊನೊಸ್ಕೋಪಿ. ಏನೂ ಸಿಗ್ಲಿಲ್ಲ ಅಂದ್ರೂ 5 ವರ್ಷಕ್ಕೊಂದ್ಸಲ. ನೀವು ಆಗ್ಲೇ ಒಂದ್ ವರ್ಷ ಲೇಟು, ನಾನಂತೂ 43ಕ್ಕೆ ಹೋದೋನು.

ಪೈಪ್ ಹಾಕಿದ್ದು ನಂಗೆ ಗೊತ್ತೇ ಆಗ್ಲಿಲ್ಲ, ನಿದ್ದೆ ಬರೋ ಇಂಜೆಕ್ಷನ್ ಕೊಟ್ಟಿದ್ರು. ಕಷ್ಟ ಇರೋದು ಹಿಂದಿನ ದಿನ. ಮೂರು ದಿನ ಮುಂಚಿಂದ್ಲೇ ಸೊಪ್ಪು, ರಾಗಿ ಮುದ್ದೆ, ಬೀಜ ಇರೋ ಟೊಮೇಟೊ ಎಲ್ಲಾ ಬಂದ್ ಅಂದ್ರು, ಕೋಲಾರದೋನಿಗೆ ಟೊಮೇಟೊ ತಿನ್ಬೇಡ ಅಂದ್ರೆ ಹೆಂಗೆ ಹೇಳಿ! ಆಮೇಲೆ ಒಂದು ಪೌಡರ್ ಎರಡು ಲೀಟರ್ ನೀರಿಗೆ ಕಲ್ಸಿ ಕಾಲ್ಗಂಟೆಗೊಂದ್ ಲೋಟ, ಉಪ್ಪುಪ್ಪು, ಎಂಟನೇ ಲೋಟಕ್ಕೆ ವಾಂತಿ ಬರೋ ಹಂಗಾಯ್ತು, ಫ್ರಿಜ್ಜಲ್ಲಿಟ್ಟು ಕುಡಿದ್ರೆ ಪರ್ವಾಗಿಲ್ಲ. ಕೊನೇಗೆ ಬರೀ ತಿಳಿ ಹಳದಿ ನೀರು ಹೋಗ್ಬೇಕು, ಆಗ್ಲೇ ಕರುಳು ಕ್ಲೀನ್ ಅಂತ. ಅದನ್ನ ಕುಡಿದು ಬೆಂಗ್ಳೂರು ಬಸ್ ಹತ್ತೋ ಸಾಹಸ ಮಾತ್ರ ಬೇಡ, ಟೆಸ್ಟ್ ಅಲ್ಲಾದ್ರೆ ಹಿಂದಿನ ದಿನಾನೇ ಹೋಗಿ ಆಸ್ಪತ್ರೆ ಹತ್ರ ರೂಮ್ ಮಾಡಿ, ಜೊತೇಗೆ ಒಬ್ರು ಇರ್ಲಿ, ಅವತ್ತು ಗಾಡಿ ಓಡಿಸೋ ಹಂಗಿಲ್ಲ. ನಂಗೆ ಒಂದು ಚಿಕ್ಕ ಪಾಲಿಪ್ ಸಿಕ್ತು, ಅಲ್ಲೇ ತೆಗೆದು ಬಯಾಪ್ಸಿಗೆ ಕಳ್ಸಿದ್ರು, ಕ್ಯಾನ್ಸರ್ ಅಲ್ಲ.

ಇನ್ನೊಂದು, ನಿಮ್ಗೆ ಈಗಾಗ್ಲೇ ಮಲದಲ್ಲಿ ರಕ್ತ ಬೀಳ್ತಿದ್ರೆ ಇದ್ಯಾವ ವಯಸ್ಸಿನ ಲೆಕ್ಕಾನೂ ಹಾಕ್ಬೇಡಿ, ಈ ವಾರಾನೇ ತೋರ್ಸಿ. ನಮ್ಮಣ್ಣ ಒಂದ್ ವರ್ಷ ಮೂಲವ್ಯಾಧಿ ಅನ್ಕೊಂಡು ಯಾರೋ ಕೊಟ್ಟ ಪುಡಿ ಮಜ್ಜಿಗೇಲಿ ಕಲ್ಸ್ಕೊಂಡು ಕುಡೀತಿದ್ದ.