ನೈಟ್ರಿಕ್ ಆಸಿಡ್ ಹಳದಿಯಾದರೆ ಕೆಟ್ಟಿದೆ ಅಂತಾನಾ?

ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ನೀವು ಕೇಳಿದ್ದು: ಅಟ್ಟದ ಮೇಲಿಟ್ಟ ನೈಟ್ರಿಕ್ ಆಸಿಡ್ ಹಳದಿಯಾಗಿದೆ, ಬಳಸಬಹುದಾ?

ಕೆಟ್ಟಿಲ್ಲ. ಬೆಳಕು, ಸೆಕೆಗೆ ಆಸಿಡ್ ಸ್ವಲ್ಪ ಸ್ವಲ್ಪವೇ ಒಡೆದು ನೈಟ್ರೋಜನ್ ಡೈಆಕ್ಸೈಡ್ ಎಂಬ ಕಂದು ಗ್ಯಾಸ್ ಆಗುತ್ತದೆ. ಅದು ಕರಗಿಯೇ ಈ ಬಣ್ಣ. ಬೆಳ್ಳಿ ಈಗಲೂ ಕರಗುತ್ತದೆ. ನನಗೆ ಭಯ ಬಣ್ಣದ್ದಲ್ಲ, ಅಟ್ಟದ್ದು. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಎಷ್ಟು ಕಾಯುತ್ತದೆ, ಗೊತ್ತಲ್ವಾ? ಒಳಗೆ ಗ್ಯಾಸ್ ತುಂಬಿ ಒತ್ತಡ ಏರುತ್ತದೆ. ಬಾಟಲಿಯನ್ನು ಇವತ್ತೇ ಕೆಳಗಿಳಿಸಿ.

ಮಾಮೂಲಿ ಗಾಢ ಆಸಿಡ್ ಸುಮಾರು 68% ಇರುತ್ತದೆ. 86% ದಾಟಿದ್ದು ಮುಚ್ಚಳ ತೆಗೆದರೇ ಹೊಗೆಯಾಡುತ್ತದೆ. ಅದನ್ನು ಸಣ್ಣ ಅಂಗಡಿಯಲ್ಲಿ ಇಡಲೇಬೇಡಿ.

ಕಂದು ಗಾಜಿನ ಬಾಟಲಿ, ಗ್ಯಾಸ್ ಹೊರಹೋಗುವ ಮುಚ್ಚಳ, ಬಾಟಲಿ ಕೆಳಗೆ ಪ್ಲಾಸ್ಟಿಕ್ ಟ್ರೇ, ಗಾಳಿಯಾಡುವ ತಂಪು ಜಾಗ, ಅದೂ ನೆಲದ ಹತ್ತಿರ. ಪಕ್ಕದಲ್ಲಿ ಥಿನ್ನರ್, ಸ್ಪಿರಿಟ್, ಅಸಿಟೋನ್ ಬೇಡವೇ ಬೇಡ. ಇದು ತಾನು ಉರಿಯುವುದಿಲ್ಲ, ಬೇರೆಯದನ್ನು ಉರಿಸುತ್ತದೆ. ಚೆಲ್ಲಿದರೆ ಮರದ ಹೊಟ್ಟು, ಹಳೇ ಬಟ್ಟೆ ಹಾಕಬೇಡಿ, ಬೆಂಕಿ ಹತ್ತಬಹುದು. ಒಣ ಮರಳು ಹಾಕಿ.

ಕೈಗೆ ತಾಗಿದರೆ ಚರ್ಮ ಹಳದಿಯಾಗುತ್ತದೆ. ಚರ್ಮದ ಪ್ರೋಟೀನ್ ಜೊತೆ ಆಸಿಡ್ ಸೇರಿದ ಗುರುತು ಅದು, ಉಜ್ಜಿದರೆ ಹೋಗಲ್ಲ. ತಕ್ಷಣ 20 ನಿಮಿಷ ನಲ್ಲಿ ನೀರು ಬಿಡಿ, ಆಮೇಲೆ ಡಾಕ್ಟರ್ ಹತ್ತಿರ ಹೋಗಿ. ಕಂದು ಹೊಗೆ ಜಾಸ್ತಿ ಕುಡಿದಿದ್ದರೆ, ಆಗ ಏನೂ ಅನ್ನಿಸದಿದ್ದರೂ ಆಸ್ಪತ್ರೆಗೆ ಹೋಗಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆ ಬಿಟ್ಟು ಶುರುವಾಗಬಹುದು.