ಅಕಾರ್ಷಿಯಾ ಮರಿ ಉಳೀತಿಲ್ಲ ಅಂದ್ರೆ
ಹಾಸನದ ಕಾಲೇಜ್ ಲ್ಯಾಬಲ್ಲಿ ಅಕಾರ್ಷಿಯಾ (Acartia, ಸಮುದ್ರದ ನೀರಲ್ಲಿ ಬದುಕೋ ಕೋಪೆಪಾಡ್ ಅನ್ನೋ ಪುಟಾಣಿ ಜೀವಿ) ಸಾಕ್ತಿದ್ದೀನಿ, ಯೀಸ್ಟ್ ಹಾಕ್ತಿದ್ದೀನಿ, ಮೊಟ್ಟೆ ಕಾಣುತ್ತೆ, ಮರಿ ಮಾತ್ರ ಉಳಿಯಲ್ಲ ಅಂದ್ರಲ್ಲ, ಮೊದ್ಲು ಯೀಸ್ಟ್ ಬಿಡಿ ಸರ್. ನೀರು ಕೆಡುತ್ತೆ ಅಷ್ಟೆ, ಇದಕ್ಕೆ ಐಸೋಕ್ರೈಸಿಸ್, ರೋಡೋಮೊನಾಸ್ ಥರ ಜೀವಂತ ಪಾಚಿನೇ ಬೇಕು. ಆಮೇಲೆ ಈ ಜಾತಿ ಮೊಟ್ಟೆನ ಚೀಲದಲ್ಲಿ ಹೊತ್ಕೊಂಡು ತಿರುಗಲ್ಲ, ನೀರಿಗೆ ಬಿಟ್ಬಿಡುತ್ತೆ, ಅದು ತಳಕ್ಕಿಳಿಯುತ್ತೆ, ದೊಡ್ಡವು ಮೊಟ್ಟೆ ಮರಿ ಎರಡನ್ನೂ ತಿಂದ್ಹಾಕ್ತವೆ, ನಿಮ್ಮಲ್ಲಿ ಆಗ್ತಿರೋದು ಬಹುಶಃ ಇದೇ, ಹಂಗಾಗಿ ದಿನಾ ತಳದ ನೀರನ್ನ ಸಣ್ಣ ಪೈಪಲ್ಲಿ ಎಳೆದು 50 ಮೈಕ್ರಾನ್ ಜರಡೀಲಿ ಸೋಸಿ ಮೊಟ್ಟೆನ ಬೇರೆ ಬೀಕರ್‌ಗೆ ಹಾಕಿ. ನೀರಿಗೆ ಬಿಡೋ ಗಾಳಿ ಮೆಲ್ಲಗಿರ್ಲಿ. ನಮ್ ಕಡೆ ಸಮುದ್ರದ ನೀರೆಲ್ಲಿ, ಅಕ್ವೇರಿಯಂ ಉಪ್ಪೇ ಗತಿ, ಅಡುಗೆ ಉಪ್ಪು ಖಂಡಿತ ಬೇಡ, ಆವಿಯಾಗಿ ಕಮ್ಮಿಯಾದಷ್ಟಕ್ಕೆ ಕ್ಲೋರಿನ್ ಇಲ್ಲದ ಸಿಹಿನೀರು ಸೇರ್ಸಿ. ಮೊಟ್ಟೆಯಿಂದ ಬಂದ ಮರಿ ಮೊದಲ 6 ಹಂತ (ನಾಪ್ಲಿಯಸ್ ಅಂತಾರೆ) ದಾಟಿದ್ರೆ ಮುಂದೆ ಸುಮಾರು ಸಲೀಸು.