ಹತ್ತಿದ್ದು ಗೊತ್ತಾಗಲಿಲ್ಲ, ಇಳಿದದ್ದು ಸೋಮವಾರ ಗೊತ್ತಾಯಿತು

ಗುಡ್ಡ-ಬೆಟ್ಟ: ಓದುಗರ ಪ್ರಶ್ನೆ, ಬಳ್ಳಾರಿಯ ನಿವೃತ್ತ ಗಣಿ ಸರ್ವೆಯರ್ ಉತ್ತರ

ಪ್ರಶ್ನೆ: ಅಣ್ಣನವರಿಗೆ ನಮಸ್ಕಾರ. ನನಗೆ 41 ವರ್ಷ. ಕೊಪ್ಪಳ ತಾಲ್ಲೂಕಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಡಿಸೆಂಬರ್ ಕೊನೆಯ ವಾರ ಅಣ್ಣನ ಮಗಳ ಜೊತೆ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೆಸರು ಕೊಟ್ಟಿದ್ದೇನೆ. ಅಭ್ಯಾಸವಾಗಲಿ ಎಂದು ಹೋದ ಶನಿವಾರ ಅಂಜನಾದ್ರಿ, ಭಾನುವಾರ ಹಿರೇಬೆಣಕಲ್ ಗುಡ್ಡ ಹತ್ತಿ ಬಂದೆವು. ಹೊಸ ಬೂಟು ಕೆಂಪಾದೀತೆಂದು ಮನೆಯಲ್ಲಿಟ್ಟು ಚಪ್ಪಲಿಯಲ್ಲೇ ಹೋಗಿದ್ದೆ. ಹತ್ತುವಾಗ ಏನೂ ಅನ್ನಿಸಲಿಲ್ಲ. ಸೋಮವಾರ ಮಾತ್ರ ಶಾಲೆಯ ಮೆಟ್ಟಿಲು ಇಳಿಯಲಾಗದೆ, ಗೋಡೆ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿದೆ. ಏಳನೇ ತರಗತಿಯ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಇಲ್ಲಿಯೇ ಹೀಗಾದರೆ 12,500 ಅಡಿಯಲ್ಲಿ ಗತಿಯೇನು? ‘ಕಟ್ಟಿದ ದುಡ್ಡು ಹೋದರೆ ಹೋಗಲಿ, ರದ್ದು ಮಾಡು’ ಎನ್ನುತ್ತಾರೆ ಮನೆಯವರು. ಇನ್ನು ಹನ್ನೊಂದು ವಾರವಿದೆ. ಏನು ಮಾಡಲಿ?

ಉತ್ತರ: ರದ್ದು ಮಾಡಬೇಡಿ, ತಂಗಿ. ಆದರೆ ಆ ಬೂಟನ್ನು ಇವತ್ತೇ ಡಬ್ಬಿಯಿಂದ ಹೊರಗೆ ತೆಗೆಯಿರಿ. ಬೂಟು ಕೆಂಪಾಗಲೆಂದೇ ಇರುವುದು. ಸಂಡೂರಿನ ಗಣಿಗುಡ್ಡಗಳಲ್ಲಿ ಮೂವತ್ತೊಂದು ವರ್ಷ ಸರ್ವೆ ಮಾಡಿದ ನನ್ನ ಬೂಟಿಗೆ ಅದಿರಿನ ಬಣ್ಣ ಬಿಟ್ಟು ಬೇರೆ ಬಣ್ಣ ಇದ್ದದ್ದೇ ನೆನಪಿಲ್ಲ.

ಮೊದಲು ಆ ಸೋಮವಾರದ ವಿಚಾರ. ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಕಷ್ಟವೆಲ್ಲ ಅಲ್ಲೇ ಇದೆ ಎಂದುಕೊಳ್ಳುತ್ತೇವೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗಬೇಕು. ರೂಢಿಯಿಲ್ಲದ ಸ್ನಾಯುವಿನಲ್ಲಿ ಅದರಿಂದ ಸಣ್ಣ ಸಣ್ಣ ಗಾಸಿಯಾಗುತ್ತದೆ. ನೋವು ಅಂದೇ ಬರುವುದಿಲ್ಲ, ಒಂದು ದಿನ ಬಿಟ್ಟು ಎರಡನೆಯ, ಮೂರನೆಯ ದಿನಕ್ಕೆ ಏರುತ್ತದೆ. ಅದೇ ಕೆಲಸವನ್ನು ವಾರ ಹತ್ತು ದಿನ ಬಿಟ್ಟು ಮತ್ತೆ ಮಾಡಿದರೆ ಅಷ್ಟು ನೋಯುವುದಿಲ್ಲ. ನಿಮ್ಮ ಕಾಲು ಕೆಟ್ಟಿಲ್ಲ, ಪಾಠ ಕಲಿಯಲು ಶುರು ಮಾಡಿದೆ. ಎರಡೂ ತೊಡೆ ಒಂದೇ ಸಮ ನೋಯುತ್ತಿದ್ದರೆ ಹೆದರಬೇಡಿ. ಒಂದೇ ಮೊಳಕಾಲು ಚುಚ್ಚುವುದು, ಊದಿಕೊಳ್ಳುವುದು, ಮಡಚುವಾಗ ಸಿಕ್ಕಿಕೊಂಡಂತಾಗುವುದು ಬೇರೆ ಮಾತು. ಅದಕ್ಕೆ ನನ್ನ ಅಂಕಣ ಸಾಲದು, ಮೂಳೆ ವೈದ್ಯರಿಗೆ ತೋರಿಸಿ.

ನೀವು ಗಣಿತದವರು, ಲೆಕ್ಕ ಹಾಕೋಣ. ಅಂಜನಾದ್ರಿಗೆ 575 ಮೆಟ್ಟಿಲು. ಮೆಟ್ಟಿಲಿಗೆ ಅರ್ಧ ಅಡಿ ಹಿಡಿದರೆ ಸುಮಾರು 290 ಅಡಿ. ಕೇದಾರಕಂಠದಲ್ಲಿ ಶಿಖರದ ದಿನ ಮೇಲಿನ ಶಿಬಿರದಿಂದ ತುದಿಗೆ ಹತ್ತುವುದು ಹೆಚ್ಚುಕಡಿಮೆ 1,250 ಅಡಿ, ಅಂದರೆ ನಾಲ್ಕೂಕಾಲು ಅಂಜನಾದ್ರಿ. ಇಷ್ಟೇನಾ ಎನ್ನುತ್ತೀರಿ. ಇನ್ನು ಇಳಿಯುವ ಲೆಕ್ಕ. ಚಾರಣ ಆರಂಭವಾಗುವ ಸಾಂಕ್ರಿ ಹಳ್ಳಿ ಇರುವುದು 6,400 ಅಡಿಯ ಆಸುಪಾಸಿನಲ್ಲಿ. ಅಲ್ಲಿಂದ 12,500 ಅಡಿಯ ತುದಿಗೆ ನಿಧಾನವಾಗಿ ಮೂರು ನಾಲ್ಕು ದಿನ ತೆಗೆದುಕೊಂಡು ಹತ್ತಿಸುತ್ತಾರೆ. ವಾಪಸು ಬರುವುದು ಮಾತ್ರ ಹೆಚ್ಚೆಂದರೆ ಎರಡು ದಿನದಲ್ಲಿ. ಹತ್ತಿರಹತ್ತಿರ 6,100 ಅಡಿ! ಇಪ್ಪತ್ತೊಂದು ಸಲ ಅಂಜನಾದ್ರಿ ಇಳಿದಂತೆ, ಅದೂ ಹಿಮ ತುಳಿದ ಜಾರುವ ದಾರಿಯಲ್ಲಿ. ಹಾಗಾಗಿ ಈ ಹನ್ನೊಂದು ವಾರ ನೀವು ಹತ್ತಲು ಕಲಿಯಬೇಕಾಗಿಲ್ಲ, ಇಳಿಯಲು ಕಲಿಯಬೇಕು.

ಇಳಿಯುವುದನ್ನು ನನಗೆ ಕಲಿಸಿದವನು ನಮ್ಮ ತಂಡದಲ್ಲಿದ್ದ ಒಬ್ಬ ಹಿರಿಯ ಚೈನ್‌ಮನ್, ಅಂದರೆ ಅಳತೆಯ ಸರಪಳಿ ಹಿಡಿಯುವವನು. ನಾನಾಗ ಇಪ್ಪತ್ತಾರರವನು. ಕೋನ ಅಳೆಯುವ ಥಿಯೊಡೊಲೈಟ್ ಯಂತ್ರದ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡು ಕಾಲು ಸೆಟೆಸಿ ಧಡಧಡ ಇಳಿಯುತ್ತಿದ್ದೆ. ಅವನು ಹೆಗಲ ಮೇಲೆ ಮುಕ್ಕಾಲಿ ಹೊತ್ತು, ಮೊಳಕಾಲನ್ನು ಸದಾ ತುಸು ಮಡಚಿಕೊಂಡೇ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ, ಗುಡ್ಡಕ್ಕೆ ಅಡ್ಡಲಾಗಿ ಹಾವು ಹರಿದ ಹಾಗೆ ಬರುತ್ತಿದ್ದ. ಪಾದ ಇಟ್ಟ ಸದ್ದು ಕೇಳಿಸುತ್ತಿರಲಿಲ್ಲ. ‘ಸದ್ದಾದರೆ ಪೆಟ್ಟು ನೆಲಕ್ಕಲ್ಲ ಸಾಹೇಬರೇ, ನಿಮಗೆ’ ಎನ್ನುತ್ತಿದ್ದ. ಮರುದಿನ ಬೆಳಿಗ್ಗೆ ಅವನು ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದರೆ, ನಾನು ಪಾಯಖಾನೆಯಲ್ಲಿ ಕೂರಲಾಗದೆ, ಕೂತರೆ ಏಳಲಾಗದೆ ಒದ್ದಾಡುತ್ತಿದ್ದೆ. ನಗಬೇಡಿ. ಹಿಮಾಲಯದ ಶಿಬಿರದಲ್ಲೂ ಪಾಯಖಾನೆಯೆಂದರೆ ಗುಂಡಿ ತೋಡಿ ಸುತ್ತ ಕಟ್ಟಿದ ಡೇರೆ. ಕಮೋಡು ರೂಢಿಯಾದವರು ಈಗಿನಿಂದಲೇ ದಿನಕ್ಕೆರಡು ಸಲ ಐದೈದು ನಿಮಿಷ ಕುಕ್ಕರುಗಾಲಲ್ಲಿ ಕೂರಲಿ. ಅದೂ ತೊಡೆಗೆ ಸಾಧನೆಯೇ.

ನಿಮ್ಮ ವಾರಾಂತ್ಯದ ಯೋಜನೆ ಸರಿಯಾಗಿಯೇ ಇದೆ, ಬಿಡಬೇಡಿ. ದಣಿದ ಕಾಲಿನಲ್ಲಿ ಎರಡನೆಯ ದಿನವೂ ನಡೆಯುವುದೇ ಚಾರಣದ ತಾಲೀಮು. ದಿನ ಮಾತ್ರ ಅದಲು ಬದಲು ಮಾಡಿ. ಶನಿವಾರ ಹನುಮಪ್ಪನ ವಾರ. ಅಂಜನಾದ್ರಿಯ ಮೆಟ್ಟಿಲ ಮೇಲೆ ಜನ, ಜನರ ಕೈಯ ತೆಂಗಿನಕಾಯಿ, ಕಾಯಿಯ ಹಿಂದೆ ಕೋತಿ. ಅಲ್ಲಿ ಬೆನ್ನುಚೀಲ ಹೊತ್ತು ಸುತ್ತು ಹಾಕಲು ಆಗುವುದಿಲ್ಲ. ಶನಿವಾರ ಹಿರೇಬೆಣಕಲ್‌ಗೆ ಹೋಗಿ. ಅಲ್ಲಿ ಮೆಟ್ಟಿಲಿಲ್ಲ, ಬಂಡೆ, ಜಲ್ಲಿ, ಮುಳ್ಳುಪೊದೆ. ಒಂದು ಹೆಜ್ಜೆಯಂತೆ ಇನ್ನೊಂದು ಇರುವುದಿಲ್ಲ, ಹಿಮಾಲಯದ ದಾರಿಗೆ ಬೇಕಾದದ್ದೂ ಅದೇ. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ನೂರಾರು ಕಲ್ಮನೆಗಳ (ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳ) ಚಪ್ಪಡಿಗಳನ್ನು ಹೊತ್ತವರು ಯಾವ ಬೂಟು ಹಾಕಿದ್ದರೋ! ಅಲ್ಲಿ ನಗಾರಿಯಂತೆ ನಾದ ಕೊಡುವ ಬಂಡೆಗುಂಡನ್ನು ಮಾತ್ರ ಕಲ್ಲಿನಿಂದ ಬಡಿಯಬೇಡಿ, ಬಡಿಯುವವರನ್ನು ಕಂಡರೆ ಟೀಚರ್ ದನಿಯಲ್ಲಿ ಗದರಿಸಿ. ಮೇಲೆ ನೆರಳು ಕಡಿಮೆ, ಕುಡಿಯುವ ನೀರನ್ನು ನೀವೇ ಒಯ್ಯಬೇಕು. ಆ ಗುಡ್ಡಸಾಲಿನಲ್ಲಿ ಕರಡಿ, ಚಿರತೆ ಇರುವುದು ನಿಮಗೆ ಗೊತ್ತೇ ಇದೆ. ಬೆಳಕು ಹರಿದ ಮೇಲೆ ಹತ್ತಿ, ಬಂಡೆ ಕಾಯುವ ಮೊದಲು ಇಳಿಯಿರಿ. ಒಬ್ಬರೇ ಹೋಗಬೇಡಿ.

ಭಾನುವಾರ ಬೆಳಿಗ್ಗೆ ಬೇಗ ಅಂಜನಾದ್ರಿ. ಈ ವಾರ ಎರಡು ಸುತ್ತು (ಹತ್ತಿ ಇಳಿದರೆ ಒಂದು), ಎರಡು ವಾರಕ್ಕೊಂದರಂತೆ ಏರಿಸಿ ಐದಕ್ಕೆ ನಿಲ್ಲಿಸಿ. ಚೀಲಕ್ಕೆ ಕಲ್ಲು ತುಂಬಬೇಡಿ, ನೀರು ತುಂಬಿ. ಎರಡು ಲೀಟರಿನ ಮೂರು ಬಾಟಲಿಯೆಂದರೆ ಆರು ಕಿಲೋ. ಮೊದಲ ನಾಲ್ಕು ವಾರ ಮೇಲೆ ಹೋದ ಕೂಡಲೇ ಎರಡು ಬಾಟಲಿಯನ್ನು ಯಾವುದಾದರೂ ಗಿಡದ ಬುಡಕ್ಕೆ ಸುರಿದು ಹಗುರಾಗಿ ಇಳಿಯಿರಿ, ಮೊಳಕಾಲು ಉಳಿಯುತ್ತದೆ. ಆಮೇಲೆ ಒಂದು ಬಾಟಲಿ ಮಾತ್ರ ಸುರಿಯಿರಿ. ಒಂಬತ್ತನೆಯ ವಾರದ ಹೊತ್ತಿಗೆ ಹೊತ್ತ ನೀರನ್ನೆಲ್ಲ ಹೊತ್ತೇ ಇಳಿಯುವಂತಾದರೆ ನೀವು ತಯಾರು. ಕೊನೆಯ ವಾರ ಬರೀ ವಾಕಿಂಗ್. ರೈಲು ಹತ್ತುವ ಹಿಂದಿನ ದಿನ ಹತ್ತು ಸುತ್ತು ಹೊಡೆದು ಸಾಹಸ ತೋರಿಸುವವರನ್ನು ನೋಡಿದ್ದೇನೆ, ಅವರು ಡೆಹ್ರಾಡೂನಿನಲ್ಲೇ ಕುಂಟುತ್ತಿರುತ್ತಾರೆ.

ಬೂಟಿನ ಮಾತು ಇನ್ನೊಂದಿದೆ. ಇಳಿಯುವ ಮೊದಲು ಕೂತು, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಕಣಕಾಲಿನ ಹತ್ತಿರದ ಲೇಸನ್ನು ಬಿಗಿಯಾಗಿ ಕಟ್ಟಿ. ಬೆರಳು ಮುಂದಕ್ಕೆ ತಾಗಬಾರದು. ತಾಗಿದರೆ ಹೆಬ್ಬೆರಳಿನ ಉಗುರು ಕಪ್ಪಾಗಿ ಆಮೇಲೆ ಉದುರಲೂಬಹುದು.

ಇಷ್ಟೆಲ್ಲ ಮಾಡಿದರೂ ಕೊಪ್ಪಳದಲ್ಲಿ ಕಲಿಯಲಾಗದ ಒಂದು ವಿಷಯ ಇದೆ: ತೆಳು ಗಾಳಿ. ನಿಮ್ಮ ಊರು ಇರುವುದು 1,700 ಅಡಿಯ ಆಸುಪಾಸಿನಲ್ಲಿ. ಕೇದಾರಕಂಠದ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ, ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಕಾಲು ಗಟ್ಟಿಯಿದ್ದ ಮಾತ್ರಕ್ಕೆ ಎತ್ತರದ ಕಾಯಿಲೆ ಬಿಡುವುದಿಲ್ಲ. ಇದು ನನ್ನ ತಲೆಗೆ ಹೋದದ್ದು ತಲೆನೋವಿನ ಮೂಲಕವೇ. ನಾನು ಅಲ್ಲಿಗೆ ಮೊದಲು ಹೋದದ್ದು 54ನೇ ವಯಸ್ಸಿನಲ್ಲಿ. ಸಂಡೂರಿನ ಗುಡ್ಡವೆಲ್ಲ ನನ್ನ ಕಾಲ ಕೆಳಗೆ ಎಂಬ ಜಂಬ. ಹುಡುಗರನ್ನು ಹಿಂದೆ ಹಾಕಿ ಎಲ್ಲರಿಗಿಂತ ಮೊದಲು ಮೇಲಿನ ಶಿಬಿರ ಮುಟ್ಟಿದೆ. ಸಂಜೆಗೆ ಹಣೆಯ ಎರಡೂ ಬದಿ ಸುತ್ತಿಗೆ. ಯಾರಿಗೂ ಹೇಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ಖಿಚಡಿಯ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಮುಂದಾಳು ಹುಡುಗ ತಟ್ಟೆ ನೋಡಿದ, ನನ್ನ ಮುಖ ನೋಡಿದ, ‘ಬಾಬೂಜಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ’ ಎಂದ. ನಡೆದೆ, ತೂರಾಡಿದೆ. ಆಗಲೇ ಒಬ್ಬ ಸಹಾಯಕನ ಜೊತೆ ಟಾರ್ಚಿನ ಬೆಳಕಿನಲ್ಲಿ ಕೆಳಗಿನ ಶಿಬಿರಕ್ಕೆ ಇಳಿಸಿದರು. ಅಲ್ಲಿ ಮುಟ್ಟಿದ ಎರಡು ಗಂಟೆಯಲ್ಲಿ ನೋವು ಕರಗಿತು, ಹಸಿವೂ ಆಯಿತು. ಆ ಸಲ ತುದಿ ನೋಡಲಿಲ್ಲ. ಮರುವರ್ಷ ಎಲ್ಲರಿಗಿಂತ ಹಿಂದೆ ನಡೆದು ನೋಡಿದೆ.

ಆದ್ದರಿಂದ ತಲೆನೋವು, ವಾಕರಿಕೆ, ಊಟ ಸೇರದಿರುವುದು ಕಂಡರೆ ತಕ್ಷಣ ಹೇಳಿ. ಅದು ಹೋಗುವವರೆಗೆ ಮೇಲೆ ಹತ್ತಬಾರದು, ಜಾಸ್ತಿಯಾದರೆ ಇಳಿಯುವುದೇ ಔಷಧ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಝೊಲಮೈಡ್ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಈಗಲೇ ನಿಮ್ಮ ವೈದ್ಯರ ಬಳಿ ಕೇಳಿ, ಜೊತೆಯವರ ಚೀಲದಿಂದ ಕಡ ತೆಗೆದುಕೊಂಡು ನುಂಗಬೇಡಿ. ಅಣ್ಣನ ಮಗಳಿಗೂ ಇದನ್ನೇ ಓದಿ ಹೇಳಿ. ಎಳೆಯರೇ ಮುಚ್ಚಿಡುವುದು ಹೆಚ್ಚು, ಎಳೆಯರ ಹಾಗೆ ಆಡುವ ನನ್ನಂಥವರೂ.

ಬಟ್ಟೆಯ ಬಗ್ಗೆ ಒಂದೇ ಮಾತು: ಹತ್ತಿಯ ಬನಿಯನ್ ಬೇಡ. ಬೆವರಿಗೆ ಒದ್ದೆಯಾದರೆ ಆರುವುದಿಲ್ಲ, ನಿಂತ ಕೂಡಲೇ ಚಳಿ ಹಿಡಿಸುತ್ತದೆ.

ಪ್ರಶ್ನೆ: ನಮ್ಮದು ಸಿಂಧನೂರು ಕಡೆಯ ಹಳ್ಳಿ. ಎತ್ತ ನೋಡಿದರೂ ಭತ್ತದ ಗದ್ದೆ. ಗುಡ್ಡವೇ ಇಲ್ಲದವರು ಚಾರಣಕ್ಕೆ ಹೇಗೆ ತಯಾರಾಗಬೇಕು, ಸರ್?

ಉತ್ತರ: ತಮ್ಮಾ, ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಇದೆಯಲ್ಲ, ವಾರದಲ್ಲಿ ಮೂರು ದಿನ ಅದರ ಮೇಲೆ ಒಂದೂವರೆ ಗಂಟೆ ಬಿರುಸಾಗಿ ನಡೆ. ದಮ್ಮು ಬೆಳೆಯುತ್ತದೆ. ಏರಿಯ ಇಳಿಜಾರನ್ನೇ ಇಪ್ಪತ್ತು ಸಲ ಹತ್ತಿ ಇಳಿದರೂ ಕಾಲಿಗೆ ಬುದ್ಧಿ ಬರುತ್ತದೆ, ನೀರಿನ ಕಡೆಯ ಮಗ್ಗುಲಲ್ಲಿ ಮಾತ್ರ ಬೇಡ. ಭಾನುವಾರ ಮಸ್ಕಿಗೆ ಹೋಗಿ ಗುಡ್ಡ ಹತ್ತು. ಅಶೋಕನ ಹೆಸರನ್ನೇ ಬರೆಸಿದ ಶಾಸನ 1915ರಲ್ಲಿ ಸಿಕ್ಕಿದ್ದು ಅಲ್ಲೇ, ಅದನ್ನೂ ನೋಡಿ ಬಾ. ಓವರ್‌ಹೆಡ್ ಟ್ಯಾಂಕಿನ ಏಣಿ ಹತ್ತಿ ಅಭ್ಯಾಸ ಮಾಡುತ್ತೇನೆ ಎಂದು ಇನ್ನೊಬ್ಬ ಓದುಗ ಬರೆದಿದ್ದಾನೆ. ಅವನಿಗೆ ಉತ್ತರ: ಇಳಿಯಪ್ಪಾ.

ಪ್ರಶ್ನೆ: ಚಾರಣಕ್ಕೆ ಒಗ್ಗರಣೆ ಮಂಡಕ್ಕಿ ಒಯ್ಯಬಹುದೇ? (ಬಳ್ಳಾರಿಯ ಓದುಗರು)

ಉತ್ತರ: ಚೀಲದಲ್ಲಿ ಮಂಡಕ್ಕಿ ಬಿಟ್ಟು ಬೇರೇನೂ ಹಿಡಿಸುವುದಿಲ್ಲ, ಎರಡನೆಯ ದಿನಕ್ಕೆ ಮೆತ್ತಗೂ ಆಗುತ್ತದೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಒಯ್ಯಿರಿ. ರೊಟ್ಟಿ ಪುಡಿಯಾದರೆ ಚಿಂತೆಯಿಲ್ಲ, ಶಿಬಿರದ ಬಿಸಿ ದಾಲ್‌ನಲ್ಲಿ ನೆನೆಹಾಕಿ ತಿನ್ನಬಹುದು. ನಾನು ಒಂದು ಡಬ್ಬಿ ಹಿಂಡಿ ಒಯ್ದಿದ್ದೆ. ಅಡುಗೆಯ ಹುಡುಗ ರುಚಿ ನೋಡಲು ಒಂದು ಚಮಚ ಕೇಳಿದ, ಕೊನೆಗೆ ಡಬ್ಬಿ ಅವನ ಬಳಿಯೇ ಉಳಿಯಿತು.